ಟೇಪಿನ ಎರಡು ತುದಿ

ಓದುಗರ ಪತ್ರ: "ಹೋದ ಸಂಚಿಕೆಯಲ್ಲಿ ಗ್ರೀಸ್ ದೇಶದ ಅನಸ್ತಾಸಿಯೋಸ್ ಒರ್ಲಾಂಡೋಸ್ ಅವರ ಬಗ್ಗೆ ನೀವು ಬರೆದ ಟಿಪ್ಪಣಿ ಓದಿದೆ. ನಿಂತಿದ್ದ ಚರ್ಚುಗಳಿಗೆ ಟೇಪು ಹಿಡಿದು ಪ್ಲಾನು ಬರೆದವರನ್ನು ದೊಡ್ಡ ಪುರಾತತ್ವಜ್ಞ ಎಂದು ಹೊಗಳಿದ್ದೀರಿ. ಅದು ಓವರ್‌ಸಿಯರ್ ಕೆಲಸವಲ್ಲವೆ? ನೆಲ ಅಗೆದು ಹೊಸದನ್ನು ಹೊರತೆಗೆದವರು ತಾನೆ ಪುರಾತತ್ವಜ್ಞರು? ಅದೂ ಪಾರ್ಥೆನಾನ್‌ನಂಥ ಪ್ರಾಚೀನ ಗುಡಿ ಇರುವ ದೇಶದಲ್ಲಿ ಮಧ್ಯಯುಗದ ಸಣ್ಣಪುಟ್ಟ ಚರ್ಚುಗಳು! ನಿಮ್ಮ ಟಿಪ್ಪಣಿ ಓದಿ, ಸಿವಿಲ್ ಇಂಜಿನಿಯರಿಂಗ್ ಮುಗಿಸಿದ ನನ್ನ ಮಗಳು ಪುರಾತತ್ವ ಓದುತ್ತೇನೆಂದು ಹಟ ಹಿಡಿದಿದ್ದಾಳೆ." (ಓದುಗರೊಬ್ಬರು, ಹಾಸನ)

ಸಂಪಾದಕರ ಉತ್ತರ:

ಮಗಳ ವಿಷಯಕ್ಕೆ ಕೊನೆಯಲ್ಲಿ ಬರುತ್ತೇವೆ. ನಿಮ್ಮ ಮಾತಿನಲ್ಲಿ ಒಪ್ಪಬೇಕಾದದ್ದು ಇದೆ, ಅದನ್ನು ಮೊದಲು ಒಪ್ಪಿಬಿಡೋಣ. ಅಗೆಯದೆ ಸಿಗದ ಸಂಗತಿಗಳು ಇದ್ದೇ ಇವೆ. ಒರ್ಲಾಂಡೋಸ್ ಅವರ ಸಮಕಾಲೀನರಾದ ಗಿಯೋರ್ಗಿಯೋಸ್ ಸೋತಿರಿಯು 1924ರಿಂದ ಥೆಸ್ಸಲಿಯ ನೆಯಾ ಅಂಖಿಯಾಲೋಸ್‌ನಲ್ಲಿ ಅಗೆಸದೇ ಇದ್ದಿದ್ದರೆ, ಅಲ್ಲಿ ಮಣ್ಣಿನಡಿ ಇದ್ದ 5–6ನೇ ಶತಮಾನದ ಬೆಸಿಲಿಕಾಗಳ (ಉದ್ದನೆಯ ಹಜಾರದ ಚರ್ಚುಗಳ) ಸುದ್ದಿಯೇ ನಮಗೆ ಇರುತ್ತಿರಲಿಲ್ಲ. ಗುದ್ದಲಿಗೆ ಅದರ ಮರ್ಯಾದೆ ಸಲ್ಲಲಿ. ಒರ್ಲಾಂಡೋಸ್ ಕೂಡ ಸಿಕಿಯೋನ್ ಎಂಬ ಪ್ರಾಚೀನ ಪಟ್ಟಣದಲ್ಲಿ ಹಲವು ವರ್ಷ ಉತ್ಖನನ ನಡೆಸಿದವರೇ, ಅದು ನಿಮ್ಮ ಗಮನಕ್ಕೆ ಬಂದಂತಿಲ್ಲ.

ಆದರೆ "ಓವರ್‌ಸಿಯರ್ ಕೆಲಸ" ಎಂದಿರಲ್ಲ, ಅದಕ್ಕೆ ಉತ್ತರವಾಗಿ ಕಸ್ತೋರಿಯಾ ಎಂಬ ಊರಿನ ಒಂದು ಚರ್ಚನ್ನು ನೋಡಿ. ಹೆಸರು ಕುಂಬೆಲಿದಿಕಿ. ತುರ್ಕಿ ಭಾಷೆಯಲ್ಲಿ ಗುಮ್ಮಟಕ್ಕೆ ಕುಬ್ಬೆ ಎನ್ನುತ್ತಾರೆ, ಹೆಸರು ಅದರಿಂದಲೇ ಬಂತು. ಆ ಊರಿನ ಬೈಜಾಂಟೈನ್ (ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಮಧ್ಯಯುಗದ ಕ್ರೈಸ್ತ ಸಾಮ್ರಾಜ್ಯದ ಕಾಲದ) ಚರ್ಚುಗಳಲ್ಲಿ ಗುಮ್ಮಟ ಇರುವುದು ಇದೊಂದಕ್ಕೇ. ಕೆಳಗೆ ಪುಟ್ಟ ಕಟ್ಟಡ, ಮೇಲೆ ಅದಕ್ಕೆ ಭಾರವೆನಿಸುವಷ್ಟು ಎತ್ತರದ ಕತ್ತು (ಗುಮ್ಮಟ ಹೊರುವ ದುಂಡು ಗೋಡೆ), ಅದರ ಮೇಲೆ ಗುಮ್ಮಟ. ಕಸ್ತೋರಿಯಾದ ಚರ್ಚುಗಳನ್ನು ಅಳೆದು, ನಕ್ಷೆ ಬರೆದು ಒರ್ಲಾಂಡೋಸ್ ಇಡೀ ಸಂಪುಟವಾಗಿ ಪ್ರಕಟಿಸಿದ್ದು 1938ರಲ್ಲಿ. 1940ರಲ್ಲಿ ಇಟಲಿಯ ಬಾಂಬು ಬಿದ್ದು ಗುಮ್ಮಟ ಹೋಯಿತು. 1949ರಲ್ಲಿ ಮತ್ತೆ ಕಟ್ಟಿದರು. ಎರಡೇ ವರ್ಷದ ಅಂತರ! ಅಳೆಯುವುದನ್ನು ಮುಂದಕ್ಕೆ ಹಾಕಿದ್ದರೆ ಆ ಕತ್ತಿನ ಎತ್ತರವನ್ನು ಯಾರ ನೆನಪಿನಿಂದ ತೆಗೆಯಬೇಕಿತ್ತು?

ಅಳೆಯುವುದು ಸುಲಭವೆಂದು ಕಾಣುವುದು ಅಳೆದು ನೋಡದವರಿಗೆ. ಹಳೆಯ ಚರ್ಚಿನಲ್ಲಿ ಮೂಲೆಮಟ್ಟಕ್ಕೆ ಕೂರುವ ಮೂಲೆ ಸಿಗುವುದೇ ಅಪರೂಪ. ನಾಲ್ಕು ಗೋಡೆಯ ಉದ್ದ ಗೊತ್ತಾದರೆ ಕೋಣೆಯ ಆಕಾರ ಗೊತ್ತಾಗುವುದಿಲ್ಲ, ಅದೇ ನಾಲ್ಕು ಉದ್ದಕ್ಕೆ ಎಷ್ಟು ಬಗೆಯ ಸೊಟ್ಟ ಚೌಕ ಬೇಕಾದರೂ ಬರುತ್ತದೆ. ಒಂದು ಕರ್ಣ ಅಳೆದರೆ ಆಕಾರ ನಿಲ್ಲುತ್ತದೆ, ಎರಡನೆಯ ಕರ್ಣ ಮೊದಲನೆಯದರ ತಪ್ಪು ಹಿಡಿಯುತ್ತದೆ. ಗೋಡೆಯ ಉದ್ದಕ್ಕೂ ಕಿಟಕಿ, ಕಂಬ, ಕಿಟಕಿ ಎಂದು ತುಂಡುತುಂಡಾಗಿ ಅಳೆದು ಕೂಡಿಸಿದರೆ, ತುಂಡಿಗೆ ಒಂದು ಸೆಂಟಿಮೀಟರ್ ತಪ್ಪಿದರೂ ಹತ್ತು ತುಂಡಿಗೆ ಹತ್ತು ಸೆಂಟಿಮೀಟರ್. ಟೇಪನ್ನು ಒಂದೇ ಸೊನ್ನೆಯಿಂದ ಎಳೆದು ಬಿಟ್ಟು, ಅದು ಕದಲದ ಹಾಗೆ ಎಲ್ಲ ಗುರುತನ್ನೂ ಓದಬೇಕು. ಬಟ್ಟೆಯ ಟೇಪು ಹಿಗ್ಗುತ್ತದೆ, ಸಡಿಲ ಬಿಟ್ಟರೆ ನಡುವೆ ಜೋಲುತ್ತದೆ. ನೆಲ ಏರುತಗ್ಗಾದ್ದರಿಂದ ಎತ್ತರವನ್ನು ನೆಲದಿಂದ ಅಳೆಯುವಂತಿಲ್ಲ. ನೀರು ತುಂಬಿದ ಕೊಳವೆ ಹಿಡಿದು ಕಟ್ಟಡದ ಒಳಗೂ ಹೊರಗೂ ಒಂದೇ ಮಟ್ಟದ ಗೆರೆ ಹಾಕಿಕೊಂಡು, ಅದರಿಂದ ಮೇಲಕ್ಕೂ ಕೆಳಕ್ಕೂ ಅಳೆಯಬೇಕು. 1:50 ಪ್ರಮಾಣದಲ್ಲಿ ಗೋಡೆಯ 5 ಸೆಂಟಿಮೀಟರ್ ಕಾಗದದಲ್ಲಿ ಒಂದು ಮಿಲಿಮೀಟರ್. ಪೆನ್ಸಿಲ್ ಮೊಂಡಾದರೆ ಅಷ್ಟು ಗೋಡೆ ಮಾಯ.

ಹಾಗೆ ಅಳೆಯುವ ಕೈಗೇ ಗೋಡೆ ಬಾಯಿ ಬಿಡುವುದು. ಗ್ರೀಸಿನ ಮಧ್ಯಯುಗದ ಗೋಡೆಗಳಲ್ಲಿ ಚೊಕ್ಕವಾಗಿ ಕೆತ್ತಿದ ಕಲ್ಲಿನ ಸುತ್ತ ಅಡ್ಡಕ್ಕೂ ಉದ್ದಕ್ಕೂ ತೆಳು ಇಟ್ಟಿಗೆಯ ಚೌಕಟ್ಟು ಕಟ್ಟುವ ಪದ್ಧತಿ ಇತ್ತು. ಆ ಚೌಕಟ್ಟು ಗೋಡೆಯ ಒಂದು ಕಡೆ ತಟ್ಟನೆ ನಿಂತು, ಮೇಲಿಂದ ಕೆಳಗೆ ನೇರ ಸಂದು ಕಂಡರೆ, ವರಸೆಗಳು ಒಂದಕ್ಕೊಂದು ಕಚ್ಚಿಕೊಳ್ಳದಿದ್ದರೆ, ಆಚೆಯ ಭಾಗ ಆಮೇಲೆ ಸೇರಿಸಿದ್ದು. ಒಂದು ಅಡಿ ಅಗೆಯದೆ ಕಟ್ಟಡದ ಎರಡು ಕಾಲ ಬೇರೆಯಾಯಿತಲ್ಲ, ಇದು ಪುರಾತತ್ವ ಅಲ್ಲದೆ ಇನ್ನೇನು?

ಆರ್ತಾ ಊರಿನ ಪರಿಗೊರಿತಿಸ್ಸಾ ಚರ್ಚು 13ನೇ ಶತಮಾನದ ಕೊನೆಯದು. ಹೊರಗಿನಿಂದ ಎರಡು ಸಾಲು ಕಿಟಕಿಯ ಅರಮನೆಯಂತಿದೆ. ಒಳಗೆ ಹೋಗಿ ಕತ್ತೆತ್ತಿದರೆ ಎದೆ ಝಲ್ಲೆನ್ನುತ್ತದೆ. ಹಳೆಯ ಕಂಬಗಳನ್ನು ಗೋಡೆಯೊಳಗೆ ಅಡ್ಡಡ್ಡ ಮಲಗಿಸಿ, ಅವುಗಳ ತುದಿ ಮಾತ್ರ ಚಾಚಿಕೊಳ್ಳುವಂತೆ ಬಿಟ್ಟಿದ್ದಾರೆ. ಆ ಚಾಚಿದ ತುದಿಯ ಮೇಲೆ ಇನ್ನೊಂದು ಕಂಬ ನೆಟ್ಟಗೆ ನಿಂತಿದೆ. ಹೀಗೆ ಅಂತಸ್ತಿನ ಮೇಲೆ ಅಂತಸ್ತು, ಪ್ರತಿಯೊಂದೂ ಕೆಳಗಿನದಕ್ಕಿಂತ ಒಳಕ್ಕೆ, ಕೊನೆಗೆ ಗುಮ್ಮಟ. ಮಲಗಿದ ಕಂಬದ ಬಾಲವನ್ನು ಮೇಲಿನ ಗೋಡೆಯ ಭಾರ ಒತ್ತಿ ಹಿಡಿದಿದೆ. ಆ ಭಾರ ಕಡಿಮೆಯಾದರೆ ಮೂತಿ ಬಾಗುತ್ತದೆ. ಇದನ್ನು ಫೋಟೋದಲ್ಲಿ ನೋಡಿ ಅಬ್ಬಾ ಎನ್ನಬಹುದು, ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆಂದು ತಿಳಿಯಬೇಕಾದರೆ ಕಟ್ಟಡವನ್ನು ಕಾಗದದ ಮೇಲೆ ಸೀಳಿ ನೋಡಬೇಕು. ಒರ್ಲಾಂಡೋಸ್ 1963ರಲ್ಲಿ ಈ ಒಂದೇ ಚರ್ಚಿನ ಮೇಲೆ ಪುಸ್ತಕ ಬರೆದರು.

ಇನ್ನು ಪಾರ್ಥೆನಾನ್. ಸ್ವಾಮಿ, ಆ ಪಾರ್ಥೆನಾನ್ ಸಾವಿರ ವರ್ಷದ ಹತ್ತಿರ ಚರ್ಚಾಗಿತ್ತು! ಅದರ ಕಂಬಗಳ ಮೇಲೆ ಮಧ್ಯಯುಗದ ಜನ ಕೊರೆದಿಟ್ಟ ಬರಹಗಳು ಇನ್ನೂರಕ್ಕೂ ಹೆಚ್ಚು, ಅಥೆನ್ಸಿನ ಬಿಷಪ್ಪರು ತೀರಿಕೊಂಡ ದಿನಗಳೂ ಅದರಲ್ಲಿವೆ. ಅವನ್ನು ಒಂದೊಂದಾಗಿ ಓದಿ 1973ರಲ್ಲಿ ಪ್ರಕಟಿಸಿದ ಇಬ್ಬರಲ್ಲಿ ಒಬ್ಬರು ಇದೇ ಒರ್ಲಾಂಡೋಸ್. ಆಗ ಅವರಿಗೆ ವಯಸ್ಸು ಎಂಬತ್ತು ದಾಟಿತ್ತು. "ಪಾರ್ಥೆನಾನ್ ಇರುವಾಗ ಚರ್ಚೇಕೆ" ಎಂಬ ನಿಮ್ಮ ಪ್ರಶ್ನೆಯನ್ನು 19ನೇ ಶತಮಾನದ ಗ್ರೀಸ್ ಕೇಳಿಕೊಂಡು, ಅದರಂತೆ ನಡೆದೂ ನೋಡಿತು. ಹೊಸ ರಾಜಧಾನಿ ಅಥೆನ್ಸಿನ ನಡುವೆ ಎಷ್ಟೋ ಹಳೆಯ ಚರ್ಚುಗಳು ನೆಲಸಮವಾದವು. ಎರ್ಮು ಬೀದಿಯ ನಟ್ಟನಡುವೆ ನಿಂತ ಕಪ್ನಿಕರೆಯಾ ಚರ್ಚು ಉಳಿದದ್ದು ಆಗಿನ ಗ್ರೀಸ್ ರಾಜನ ತಂದೆ, ಬವೇರಿಯಾದ ದೊರೆ ಲುಡ್ವಿಗ್ ಅಡ್ಡ ಬಂದದ್ದರಿಂದ. ಪಾರ್ಥೆನಾನ್ ಇರುವ ಆಕ್ರೊಪೊಲಿಸ್ ಗುಡ್ಡದ ಮೇಲಿನ ಮಧ್ಯಯುಗದ ಗೋಪುರವನ್ನು 1875ರಲ್ಲಿ, ಟ್ರಾಯ್ ಅಗೆಸಿದ ಶ್ಲೀಮಾನ್ ಕೊಟ್ಟ ದುಡ್ಡಿನಲ್ಲಿ ಕೆಡವಿದರು. ಒಂದು ಕಾಲವನ್ನು ಮೆರೆಸಲು ಇನ್ನೊಂದು ಕಾಲವನ್ನು ಅಳಿಸುವ ಈ ಚಾಳಿ ನಮಗೆ ಎಂದೂ ಸಹ್ಯವಾಗಿಲ್ಲ.

ನಮ್ಮ ಇನ್ನೊಂದು ಸಂಕಟವನ್ನೂ ಹೇಳಿಬಿಡುತ್ತೇವೆ. ಬೈಜಾಂಟೈನ್ ಮೇಸ್ತ್ರಿಗಳು ಸುಣ್ಣದ ಗಾರೆಗೆ ಇಟ್ಟಿಗೆ ಪುಡಿ ಬೆರೆಸುತ್ತಿದ್ದರು. ನಮ್ಮ ಮೇಸ್ತ್ರಿಗಳು ಸುರ್ಕಿ ಎನ್ನುವುದೂ ಅದನ್ನೇ. ಆ ಗಾರೆ ಕಲ್ಲಿಗಿಂತ ಮೆದು, ಗೋಡೆಯ ತೇವ ಅದರ ಮೂಲಕ ಹೊರಗೆ ಆರಿಹೋಗುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಸಂದಿಗೆ ಸಿಮೆಂಟ್ ತುಂಬಿದರೆ ಆ ದಾರಿ ಮುಚ್ಚಿ, ತೇವ ಕಲ್ಲಿನೊಳಗೇ ತಿರುಗುತ್ತದೆ. ಅದರಲ್ಲಿ ಕರಗಿದ ಉಪ್ಪು ಕಲ್ಲಿನ ಮೈಯಲ್ಲಿ ಹರಳುಗಟ್ಟಿ ಸಿಪ್ಪೆ ಏಳಿಸುತ್ತದೆ. ಕೆಲವು ವರ್ಷಕ್ಕೆ ಸಿಮೆಂಟಿನ ಗೆರೆ ಮುಂದೆ ನಿಂತು ಕಲ್ಲು ಹಿಂದೆ ಸರಿದಿರುತ್ತದೆ. ಗ್ರೀಸಿಗೂ ಇಂಥ ಪಾಠ ದುಬಾರಿಯಾಗಿಯೇ ಸಿಕ್ಕಿತು. ಒರ್ಲಾಂಡೋಸ್ 1940ರಲ್ಲಿ ಜೀರ್ಣೋದ್ಧಾರ ಮುಗಿಸಿಕೊಟ್ಟ, ಆಕ್ರೊಪೊಲಿಸ್ ಮೇಲಿನ ಅಥೀನಾ ನೀಕೆ ಗುಡಿಯನ್ನೂ, ಒಳಗಿನ ಕಬ್ಬಿಣ ತುಕ್ಕು ಹಿಡಿದದ್ದರಿಂದ, 2000ದ ನಂತರ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬೇಕಾಯಿತು.

ಈಗ ಮಗಳ ವಿಷಯ. 1887ರಲ್ಲಿ ಹುಟ್ಟಿದ ಒರ್ಲಾಂಡೋಸ್ ಮೊದಲು ಓದಿದ್ದು ಇಂಜಿನಿಯರಿಂಗೇ. ಸಾಹಿತ್ಯ, ತತ್ವಶಾಸ್ತ್ರದ ಪದವಿ ಆಮೇಲಿನದು. ಕಟ್ಟಡದ ಭಾರವೂ ಶಾಸನದ ಅಕ್ಷರವೂ ಒಬ್ಬರಿಗೇ ಓದಲು ಬಂದದ್ದು ಹಾಗೆ. ಬೈಜಾಂಟೈನ್ ಸ್ಮಾರಕಗಳಿಗೆಂದೇ 1935ರಲ್ಲಿ ಶುರುಮಾಡಿದ ಪತ್ರಿಕೆಯನ್ನು 1973ರವರೆಗೆ 12 ಸಂಪುಟ ತಂದರು, ಬಹುತೇಕ ಒಬ್ಬರೇ ಬರೆದು. ನಿಮ್ಮ ಮಗಳ ಕೈಯಲ್ಲಿ ಆ ಅರ್ಧ ವಿದ್ಯೆ ಆಗಲೇ ಇದೆ, ದಯವಿಟ್ಟು ತಡೆಯಬೇಡಿ.

ಎಂ.ಎ. ಸೇರುವ ಮೊದಲು ಊರಿನ ಒಂದು ಹಳೆಯ ಕಟ್ಟಡವನ್ನು, ಒಪ್ಪಿಗೆ ಕೇಳಿಕೊಂಡು, ಅಳೆದು ನೋಡಲಿ. 30 ಮೀಟರಿನ ಸ್ಟೀಲ್ ಟೇಪು, ತೂಕದ ಗುಂಡು, ನೀರಿನ ಕೊಳವೆ, ಗ್ರಾಫ್ ಹಾಳೆ, ಚೂಪು ಪೆನ್ಸಿಲ್ ಸಾಕು. ಮೊದಲ ಸಲ ಕರ್ಣಗಳು ಕೂಡುವುದಿಲ್ಲ. ಮನೆಗೆ ಬಂದು ಲೆಕ್ಕ ಹೊಂದಿಸದೆ ಅಲ್ಲಿಗೇ ವಾಪಸು ಹೋಗಿ ಅಳೆಯಬೇಕು. ನೀವೂ ಜೊತೆಗೆ ಹೋಗಿ. ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕೇ ಬೇಕು.