ಎಚ್ಚರಿಕೆ ಬಂದಾಗ ಹಾಡು ನಿಂತುಹೋಗುವುದಕ್ಕೆ ಪರಿಹಾರ

ಗಾಡಿಯ ಜಿಪಿಎಸ್‌ನಲ್ಲಿ (ದಾರಿ ತೋರಿಸುವ ಸಾಧನ) ಹಾಡು ಕೇಳುತ್ತಿರುವಾಗ, ಮುಂದೆ ವೇಗ ಹಿಡಿಯುವ ಕ್ಯಾಮೆರಾ ಇದೆ ಎಂಬ ಎಚ್ಚರಿಕೆ ಬಂದರೆ ಹಾಡು ನಿಲ್ಲುತ್ತದೆ, ಎಚ್ಚರಿಕೆಯೂ ತುಂಡಾಗುತ್ತದೆ ಎಂದು ನೀವು ಕೇಳಿದ್ದೀರಿ. ಎಚ್ಚರಿಕೆಯ ದನಿಯೂ ಹಾಡೂ ಎರಡೂ ಎಂಪಿ3 (ಕುಗ್ಗಿಸಿದ ದನಿಯ ಫೈಲು) ಆಗಿರುವುದೇ ಇದಕ್ಕೆ ಕಾರಣ ಇರಬೇಕು. ಇಂಥ ಸಣ್ಣ ಜಿಪಿಎಸ್‌ಗಳು ಒಂದು ಸಲಕ್ಕೆ ಒಂದೇ ಎಂಪಿ3 ಬಿಚ್ಚಿ ನುಡಿಸುವಂತಿದ್ದರೆ, ಕ್ಯಾಮೆರಾ ಎಚ್ಚರಿಕೆ ಬಂದ ಕೂಡಲೇ ಹಾಡು ನಿಲ್ಲುತ್ತದೆ, ಇಲ್ಲವೇ ನೀವು ಹೇಳಿದ ಹಾಗೆ ಎಚ್ಚರಿಕೆಯೇ ಅರ್ಧಕ್ಕೆ ತುಂಡಾಗುತ್ತದೆ. ಮಾದರಿ ಯಾವುದೆಂದು ನೀವು ಬರೆದಿಲ್ಲ, ಹಾಗಾಗಿ ಮೊದಲು ಹಾಡು ನಿಲ್ಲಿಸಿ ಎಚ್ಚರಿಕೆ ಮಾತ್ರ ಕೇಳಿ ನೋಡಿ. ಆಗಲೂ ತುಂಡಾದರೆ ಆ ಫೈಲೇ ಕೆಟ್ಟಿರಬಹುದು.

ಪೂರ್ತಿ ಕೇಳಿಸಿದರೆ ಎಚ್ಚರಿಕೆಯನ್ನು ವೇವ್ ಫೈಲಾಗಿ (ಕುಗ್ಗಿಸದ ದನಿ, ಎಂಪಿ3ಯಂತೆ ಬಿಚ್ಚಬೇಕಿಲ್ಲ) ಬದಲಿಸಿ. ಫೈಲಿನ ಹೆಸರಿನ ಕೊನೆಯ .mp3 ಅನ್ನು .wav ಎಂದು ತಿದ್ದಿದರೆ ಸಾಲದು, ಒಳಗಿನ ದತ್ತಾಂಶ ಎಂಪಿ3 ಆಗಿಯೇ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ಅಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶದಲ್ಲಿ ತೆರೆದು, ಮೋನೋ (ಒಂದೇ ಚಾನೆಲ್) ಮಾಡಿ, 22050 ಹರ್ಟ್ಸ್, 16 ಬಿಟ್ ಪಿಸಿಎಂ (ಕುಗ್ಗಿಸದ ವೇವ್ ಬಗೆ) ಆಯ್ದು ಎಕ್ಸ್‌ಪೋರ್ಟ್ ಮಾಡಿ. ಒಂದು ಸೆಕೆಂಡಿಗೆ ಸುಮಾರು 44 ಕೆಬಿ ಆಗುತ್ತದೆ, ಅಷ್ಟೇ. ದನಿ ಎರಡು ಮೂರು ಸೆಕೆಂಡು ಮೀರದಿರಲಿ. ಗಾಡಿ ಓಡಿಸುವಾಗ ಉದ್ದದ ಎಚ್ಚರಿಕೆ ಗಮನ ಕೆಡಿಸುತ್ತದೆ.

ಗಾರ್ಮಿನ್ ಜಿಪಿಎಸ್‌ಗೆ ಜಾಗಗಳ ಪಟ್ಟಿ ತುಂಬುವ ಪಿಒಐ ಲೋಡರ್ ತಂತ್ರಾಂಶ ಬಳಸುತ್ತಿದ್ದರೆ, ವೇವ್ ಫೈಲಿಗೆ ಕ್ಯಾಮೆರಾ ಜಾಗಗಳ ಪಟ್ಟಿ ಇರುವ ನಿಮ್ಮ ಸಿಎಸ್‌ವಿ ಫೈಲಿನ ಹೆಸರನ್ನೇ ಇಟ್ಟು ಅದೇ ಫೋಲ್ಡರಿಗೆ ಹಾಕಿ. ಅದೇ ಹೆಸರಿನ ಹಳೆಯ ಎಂಪಿ3ಯನ್ನು ಅಲ್ಲಿಂದ ತಪ್ಪದೆ ತೆಗೆಯಿರಿ. ಆಮೇಲೆ ಲೋಡರನ್ನು ಮತ್ತೆ ಓಡಿಸಿ. ಹೊಸದಾಗಿ ಲೋಡ್ ಮಾಡಿದಾಗ ಹಿಂದೆ ಹಾಕಿದ್ದ ಜಾಗಗಳ ಪಟ್ಟಿ ಅಳಿಸಿಹೋಗಬಹುದು, ಆದ್ದರಿಂದ ಬೇಕಾದ ಎಲ್ಲ ಸಿಎಸ್‌ವಿಗಳೂ ಆ ಫೋಲ್ಡರಿನಲ್ಲೇ ಇರಲಿ.

ಇಷ್ಟಾದರೂ ಹಾಡು ನಿಂತರೆ ಫೋನಿನಿಂದ ಹಾಡು ಹಾಕಿಕೊಂಡು, ಜಿಪಿಎಸ್ಸನ್ನು ಎಚ್ಚರಿಕೆಗಷ್ಟೇ ಬಿಡಿ.