ಪಿಕಪ್‌ಗೆ ಅಗಲವಾದ ಅಲಾಯ್ ವೀಲ್ ಹಾಕಿಸಿದ ಮೇಲೆ ಟೈರು ಒಳಗೆ ಉಜ್ಜುತ್ತಿದೆ, 25 ಮಿ.ಮೀ. ಸ್ಪೇಸರ್ ಹಾಕಿಸಬಹುದೇ?

ವಿಜಯಪುರದಿಂದ ನೀವು ಬರೆದಿರುವುದರ ಸಾರ ಇಷ್ಟು: ನಿಮ್ಮ ಆರು ಸ್ಟಡ್‌ಗಳ (ಚಕ್ರದ ನಟ್ಟು ಕೂರುವ ಬೋಲ್ಟ್‌ಗಳ) ಪಿಕಪ್‌ನಲ್ಲಿ ಮೊದಲು 7 ಇಂಚು ಅಗಲದ, +33 ಆಫ್‌ಸೆಟ್‌ನ ಚಕ್ರಗಳಿದ್ದವು. ಅವುಗಳ ಜಾಗದಲ್ಲಿ 8.5 ಇಂಚು ಅಗಲದ, +40 ಆಫ್‌ಸೆಟ್‌ನ ಹಳೆಯ ಅಲಾಯ್ ವೀಲ್‌ಗಳನ್ನು ಹಾಕಿಸಿದಿರಿ. ಈಗ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರಿನ ಒಳಮೈ ಸಸ್ಪೆನ್ಷನ್ನಿನ ಮೇಲಿನ ತೋಳಿಗೆ (ಆರ್ಮ್) ಉಜ್ಜುತ್ತದೆ, ಗ್ಯಾರೇಜಿನವರು ಅದಕ್ಕೆ 25 ಮಿ.ಮೀ. ಸ್ಪೇಸರ್ (ಚಕ್ರಕ್ಕೂ ಅದು ಕೂರುವ ಹಬ್ಬಿಗೂ ನಡುವೆ ಇಡುವ ಲೋಹದ ತಟ್ಟೆ) ಹಾಕಿಸಿ ಎನ್ನುತ್ತಿದ್ದಾರೆ. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥ್ ಕೆಲಸ ನಡೆಸುವವನು. ಹಬ್, ಡ್ರಮ್, ಸ್ಪೇಸರ್‌ಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ. ನಿಮ್ಮ ಗಾಡಿಗೆ ಈ ಸ್ಪೇಸರ್ ಬೇಡ, ಚಕ್ರಗಳನ್ನೇ ಬದಲಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಆಫ್‌ಸೆಟ್ ಎಂದರೆ ರಿಮ್ಮಿನ ಅಗಲದ ನಟ್ಟನಡುವಿನ ಗೆರೆಗೂ, ಅದು ಹಬ್ಬಿಗೆ ಅಂಟಿ ಕೂರುವ ಮುಖಕ್ಕೂ ನಡುವಿನ ಅಂತರ. ಅದು ಪ್ಲಸ್ ಕಡೆಗೆ ಹೆಚ್ಚಿದಷ್ಟೂ ಚಕ್ರ ಗಾಡಿಯ ಒಳಕ್ಕೆ ಸರಿಯುತ್ತದೆ. ನಿಮ್ಮ ಮೂಲ ಚಕ್ರದ ಅರ್ಧ ಅಗಲ 89 ಮಿ.ಮೀ.; ಅದಕ್ಕೆ 33 ಕೂಡಿಸಿದರೆ ಒಳ ಅಂಚು ಹಬ್ಬಿನ ಮುಖದಿಂದ 122 ಮಿ.ಮೀ. ಒಳಗಿತ್ತು. ಹೊಸದರ ಅರ್ಧ ಅಗಲ 108, ಆಫ್‌ಸೆಟ್ 40. ಒಳ ಅಂಚು 148ಕ್ಕೆ ಬಂತು. ಟೈರು ಆರ್ಮಿನ ಕಡೆಗೆ 26 ಮಿ.ಮೀ. ಸರಿದಿರುವುದರಿಂದಲೇ ಉಜ್ಜುತ್ತಿದೆ. 25 ಮಿ.ಮೀ. ಸ್ಪೇಸರ್ ಹಾಕಿದರೆ ಒಳಗಿನ ತೊಂದರೆ ಬಹುಮಟ್ಟಿಗೆ ನೀಗುವುದು ನಿಜ, ಆದರೆ ಹೊರ ಅಂಚು ಮೊದಲಿಗಿಂತ 37 ಮಿ.ಮೀ. ಆಚೆ ಬರುತ್ತದೆ ಮತ್ತು ಚಕ್ರದ ನಡುಗೆರೆ ತಯಾರಕರು ಇಟ್ಟ ಜಾಗದಿಂದ 18 ಮಿ.ಮೀ. ಹೊರಗೆ ಹೋಗುತ್ತದೆ. ಗ್ಯಾರೇಜಿನವರು ಹೇಳದೆ ಬಿಟ್ಟಿರುವುದು ಈ ಕೊನೆಯ ಸಂಖ್ಯೆಯನ್ನು. ಹಬ್ಬಿನ ಬೇರಿಂಗ್‌ಗಳ ಮೇಲೆ ಭಾರ ಎಲ್ಲಿ ಬೀಳಬೇಕೆಂದು ತಯಾರಕರು ಲೆಕ್ಕ ಹಾಕಿದ್ದಾರೋ ಅಲ್ಲಿಂದ ಅದು ಸರಿದಾಗ ಬೇರಿಂಗು ಬೇಗ ಸವೆಯುತ್ತದೆ, ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಯಿಂದ ಎಳೆದುಕೊಳ್ಳುತ್ತದೆ, ಲೋಡು ಬಿದ್ದಾಗ ಟೈರು ಮಡ್‌ಗಾರ್ಡಿನ ಅಂಚಿಗೆ ತಾಗತೊಡಗುತ್ತದೆ.

ಹಾಗಾದರೆ ಸ್ಪೇಸರ್ ಯಾವಾಗಲೂ ಕೆಟ್ಟದ್ದೇ? ಇಲ್ಲ. ಅಗಲ ಸರಿಯಿದ್ದು ಆಫ್‌ಸೆಟ್ ಮಾತ್ರ ಹೆಚ್ಚಿದ್ದರೆ, ಆ ವ್ಯತ್ಯಾಸದಷ್ಟೇ ದಪ್ಪದ ಸ್ಪೇಸರ್ ಚಕ್ರದ ನಡುಗೆರೆಯನ್ನು ಅದರ ಮೂಲ ಜಾಗಕ್ಕೆ ಮರಳಿಸುತ್ತದೆ. ಅಲ್ಲಿ ಬೇರಿಂಗಿಗೆ ಹೆಚ್ಚಿನ ಹೊರೆ ಇರುವುದಿಲ್ಲ. ನಿಮ್ಮ ವಿಷಯದಲ್ಲಿ ಆ ವ್ಯತ್ಯಾಸ ಬರೀ 7 ಮಿ.ಮೀ.; ಉಳಿದದ್ದು ಅಗಲದ ಸಮಸ್ಯೆ, ಅದನ್ನು ಸ್ಪೇಸರ್ ತೀರಿಸಲಾರದು. 7.5 ಇಂಚು ಅಗಲದ, +25ರ ಆಸುಪಾಸಿನ ಆಫ್‌ಸೆಟ್‌ನ ಚಕ್ರ ಹುಡುಕಿರಿ. ಅದರ ಒಳ ಅಂಚು 120 ಮಿ.ಮೀ.ಗೆ ಬರುತ್ತದೆ, ಅಂದರೆ ಮೊದಲಿನಷ್ಟೇ ಜಾಗ ಸಿಗುತ್ತದೆ. ಹೊರಗೆ ಸುಮಾರು 14 ಮಿ.ಮೀ. ಮಾತ್ರ ಬರುತ್ತದೆ. ಇದಕ್ಕೆ ಸ್ಪೇಸರಿನ ಗೊಡವೆಯೇ ಇಲ್ಲ.

ಇಷ್ಟಾದ ಮೇಲೂ ಯಾರಿಗಾದರೂ ಸ್ಪೇಸರ್ ಅನಿವಾರ್ಯವಾದರೆ, ಹಬ್ಬಿನ ನಡುವೆ ಉಬ್ಬಿರುವ ದುಂಡು ಭಾಗ ಮತ್ತು ಚಕ್ರದ ನಡುರಂಧ್ರದ ಅಳತೆಯನ್ನು ಮೊದಲು ನೋಡಬೇಕು. ಆರು ಸ್ಟಡ್‌ಗಳ, 139.7 ಮಿ.ಮೀ. ಪಿಸಿಡಿಯ (ಸ್ಟಡ್‌ಗಳ ನಡುಬಿಂದುಗಳು ನಿಲ್ಲುವ ವೃತ್ತದ ವ್ಯಾಸ) ಚಕ್ರಗಳು ಹಲವು ಪಿಕಪ್‌ಗಳಿಗೆ ಕೂರುತ್ತವೆ ಎಂಬ ಕಾರಣಕ್ಕೆ ಹಳೆಯ ಫಾರ್ಚೂನರ್ ಚಕ್ರಗಳನ್ನು ಬೇರೆ ಗಾಡಿಗಳಿಗೆ ಹಾಕುವುದುಂಟು. ಆದರೆ ಆ ಚಕ್ರದ ನಡುರಂಧ್ರ 106.1 ಮಿ.ಮೀ.; ಅದಕ್ಕಿಂತ ಸಣ್ಣ ಹಬ್ಬಿನ ಮೇಲೆ ಅದು ಸಡಿಲವಾಗಿ ನಿಲ್ಲುತ್ತದೆ, ನಟ್ಟುಗಳೇ ಅದನ್ನು ನಡುವಿಗೆ ತರಬೇಕಾಗುತ್ತದೆ, ವೇಗದಲ್ಲಿ ನಡುಕ ಬರುತ್ತದೆ. ಸ್ಪೇಸರಿನ ಒಳರಂಧ್ರ ಹಬ್ಬಿಗೆ ಬಿಗಿಯಾಗಿ ಕೂರಬೇಕು, ಅದರ ಹೊರಗಿನ ದುಂಡು ಉಬ್ಬು ಚಕ್ರದ ರಂಧ್ರಕ್ಕೆ ಬಿಗಿಯಾಗಿ ಕೂರಬೇಕು.

ಎರಡನೆಯದು ಸ್ಟಡ್. ಚಕ್ರವನ್ನು ಹಿಡಿದಿರುವುದು ಸ್ಟಡ್ಡಿನ ಅಡ್ಡಬಲ ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಜವಾಗಿ, ನಟ್ಟು ಎಳೆದು ಒತ್ತಿದಾಗ ಎರಡು ಮುಖಗಳ ನಡುವೆ ಹುಟ್ಟುವ ಘರ್ಷಣೆಯೇ ಭಾರವನ್ನು ಹೊರುತ್ತದೆ. ಆ ಒತ್ತಡ ಸಡಿಲವಾದ ಕ್ಷಣದಿಂದ ಸ್ಟಡ್ ಪ್ರತಿ ಸುತ್ತಿಗೂ ಒಮ್ಮೆ ಬಾಗಿ ನೆಟ್ಟಗಾಗುತ್ತದೆ. ನಿಮ್ಮ ಗಾತ್ರದ ಟೈರು ಕಿಲೋಮೀಟರಿಗೆ ಸುಮಾರು 400 ಸುತ್ತು ಹೊಡೆಯುತ್ತದೆ; ವಿಜಯಪುರದಿಂದ ಬೆಳಗಾವಿಗೆ ಬರುವಷ್ಟರಲ್ಲಿ ಎಷ್ಟು ಸಲ ಬಾಗಿರುತ್ತದೆ ಎಂದು ಊಹಿಸಿರಿ. ನಮ್ಮಲ್ಲಿಗೆ ಬರುವ ಮುರಿದ ಸ್ಟಡ್‌ಗಳ ತುಂಡಿನ ಮುಖದಲ್ಲಿ ಒಂದು ಅಂಚಿನಿಂದ ಹಬ್ಬಿದ ನುಣುಪಾದ ಅರ್ಧಚಂದ್ರಾಕಾರದ ಗೆರೆಗಳಿರುತ್ತವೆ, ಕೊನೆಗೆ ಹರಿದ ಭಾಗ ಮಾತ್ರ ಒರಟಾಗಿರುತ್ತದೆ. ಅದು ಒಂದೇ ಏಟಿಗೆ ಮುರಿದದ್ದಲ್ಲ, ದಿನಗಟ್ಟಲೆ ಬಿರಿದು ಮುರಿದದ್ದು. ಆದ್ದರಿಂದ ನಟ್ಟಿನೊಳಗೆ ಕನಿಷ್ಠ ಸ್ಟಡ್ಡಿನ ವ್ಯಾಸದಷ್ಟು ಉದ್ದದ ಥ್ರೆಡ್ ಹಿಡಿಯಬೇಕು: 12 ಮಿ.ಮೀ. ಸ್ಟಡ್ಡಿಗೆ 1.5 ಮಿ.ಮೀ. ಪಿಚ್ (ಥ್ರೆಡ್ಡಿನ ಒಂದು ಸುತ್ತಿನಿಂದ ಮುಂದಿನದಕ್ಕಿರುವ ಅಂತರ) ಇದ್ದರೆ ಎಂಟು ಪೂರ್ತಿ ಸುತ್ತು. ಮೂಲ ಸ್ಟಡ್ಡಿನ ಮೇಲೆ ದಪ್ಪ ತಟ್ಟೆಯನ್ನು ತೂರಿಸಿ ಅದೇ ನಟ್ಟುಗಳನ್ನು ಹಾಕುವುದು ಪ್ರಾಣಾಪಾಯದ ಕೆಲಸ. ಉದ್ದನೆಯ ಸ್ಟಡ್‌ಗಳನ್ನು ಹಾಕಿಸಬೇಕು ಇಲ್ಲವೇ ತನ್ನದೇ ಸ್ಟಡ್‌ಗಳಿರುವ ಸ್ಪೇಸರ್ ಬೇಕು. ಈ ಎರಡನೆಯ ಬಗೆಯಲ್ಲಿ ಹಬ್ಬಿನ ಹಳೆಯ ಸ್ಟಡ್‌ಗಳ ತುದಿ ಸ್ಪೇಸರಿನ ಮುಖದಿಂದ ಹೊರಗೆ ಇಣುಕಬಾರದು, ಇಣುಕಿದರೆ ಚಕ್ರ ಸಮವಾಗಿ ಕೂರುವುದಿಲ್ಲ.

ಎರಡು ಸ್ಪೇಸರ್‌ಗಳನ್ನು ಒಂದರ ಮೇಲೊಂದು ಇಡಬಾರದು. ಎರಕದ ಅಲ್ಯೂಮಿನಿಯಂ ಬೇಡ. 6061-ಟಿ6 ದರ್ಜೆಯ ಗಟ್ಟಿ ದಿಮ್ಮಿಯಿಂದ ಕಡೆದದ್ದೇ ಇರಲಿ. ಹಿಂದೆ ಜೋಡಿ ಚಕ್ರಗಳಿರುವ ಲಾರಿಗಳಿಗೆ ಇದಾವುದೂ ಅನ್ವಯಿಸದು, ಅವುಗಳಿಗೆ ಸ್ಪೇಸರಿನ ಯೋಚನೆಯನ್ನೇ ಮಾಡಬಾರದು.

ಕೂರಿಸುವ ಮುನ್ನ ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಲೋಹ ಕಾಣುವಷ್ಟು ಉಜ್ಜಿಸಿರಿ. ನಿಮ್ಮ ಕಡೆಯ ಎರೆಮಣ್ಣು ಒಣಗಿದರೆ ಗಟ್ಟಿ ಪದರವಾಗಿ ಅಂಟಿರುತ್ತದೆ. ಅದಾಗಲಿ, ತುಕ್ಕಾಗಲಿ, ದಪ್ಪ ಬಣ್ಣವಾಗಲಿ ಎರಡು ಮುಖಗಳ ನಡುವೆ ಉಳಿದರೆ ಓಡಾಟದಲ್ಲಿ ಪುಡಿಯಾಗಿ ಉದುರಿ ನಟ್ಟಿನ ಬಿಗಿತ ಹೋಗುತ್ತದೆ. ಥ್ರೆಡ್ಡಿಗೆ ಗ್ರೀಸ್ ಹಚ್ಚಬೇಡಿ. ಏರ್ ಗನ್ನಿಗೆ ಬಿಡದೆ ಟಾರ್ಕ್ ರೆಂಚಿನಿಂದ, ಎದುರುಬದುರು ನಟ್ಟುಗಳ ಕ್ರಮದಲ್ಲಿ, ಗಾಡಿಯ ಕೈಪಿಡಿಯಲ್ಲಿರುವ ಅಳತೆಗೆ ಬಿಗಿಸಿರಿ. ಸ್ಪೇಸರನ್ನು ಹಿಡಿದಿರುವ ಒಳನಟ್ಟುಗಳು ಚಕ್ರ ಬಿಚ್ಚದೆ ಕಾಣುವುದಿಲ್ಲ, ಆದ್ದರಿಂದ 80ರಿಂದ 100 ಕಿ.ಮೀ. ಓಡಿದ ಮೇಲೆ ಚಕ್ರವನ್ನು ಬಿಚ್ಚಿ ಎರಡೂ ಸಾಲಿನ ನಟ್ಟುಗಳನ್ನು ಮತ್ತೆ ನೋಡಬೇಕು. ನಟ್ಟಿನ ಸುತ್ತ ಕೆಂಪು ಧೂಳು ಕಂಡರೆ, ನಿಧಾನವಾಗಿ ಹೋಗುವಾಗ ಟಕಟಕ ಸದ್ದು ಬಂದರೆ ಅಲ್ಲೇ ನಿಲ್ಲಿಸಿರಿ. ದ್ರಾಕ್ಷಿಯ ಲೋಡು ಹೊತ್ತು ಚೋರ್ಲಾ ಘಾಟ್ ಇಳಿಯುವ ಗಾಡಿಗೆ ಇಂಥ ಜೋಡಣೆಯನ್ನು ನಾನು ಮಾಡಿಕೊಡುವುದಿಲ್ಲ.

ಕಾನೂನಿನ ಮಾತೂ ಇದೆ: 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಂ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಚಕ್ರ ಬದಲಿಸುವುದನ್ನು ವಿಮೆಯವರಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿರಿ.

ಸದ್ಯಕ್ಕೆ ಗಾಡಿಯ ಮೂಲ 7 ಇಂಚಿನ ಚಕ್ರಗಳನ್ನೇ ಮರಳಿ ಹಾಕಿಸಿ ಓಡಿಸಿರಿ. ಅವುಗಳನ್ನು ಹಾಕುವಾಗ ಉಜ್ಜಿದ ಜಾಗವನ್ನು ಟಾರ್ಚ್ ಹಿಡಿದು ನೋಡಿಸಿರಿ: ಆರ್ಮಿನ ತುದಿಯ ಬಾಲ್ ಜಾಯಿಂಟಿನ ರಬ್ಬರ್ ಹರಿದಿದ್ದರೆ ಅದನ್ನು ಬದಲಿಸಬೇಕು, ಟೈರಿನ ಒಳಗೋಡೆಯಲ್ಲಿ ದಾರ ಕಾಣುವಷ್ಟು ಸವೆದಿದ್ದರೆ, ನೆಲಕ್ಕೆ ತಾಗುವ ಮೈಯ ಅಚ್ಚು ಎಷ್ಟೇ ಹೊಸದಾಗಿ ಕಂಡರೂ ಆ ಟೈರನ್ನು ಮತ್ತೆ ಯಾವ ಗಾಡಿಗೂ ಹಾಕಿಸಬೇಡಿ.