ಏಳು ತಿಂಗಳ ಮಗುವಿನ ತಲೆಯಲ್ಲಿ ನೀರು ತುಂಬಿದ್ದರೆ ಔಷಧಿಯಲ್ಲೇ ವಾಸಿಯಾಗುವುದೇ?

ಮಗನಿಗೆ ತಲೆಯಲ್ಲಿ ನೀರು ಹೆಚ್ಚಿ ಒತ್ತಡವಾಗಿದೆ, ಆ ನೀರನ್ನು ತಲೆಯಿಂದ ಹೊಟ್ಟೆಗೆ ಇಳಿಸುವ ಕೊಳವೆಯಾದ ಷಂಟ್ ಹಾಕಬೇಕೆಂದು ಬೆಂಗಳೂರಿನ ವೈದ್ಯರು ಹೇಳಿದ್ದಾರೆ, ಆದರೆ ಮಗು ಹಾಲು ಕುಡಿದು ನಗುತ್ತಿರುವುದರಿಂದ ವರ್ಷ ತುಂಬುವವರೆಗೆ ಔಷಧಿ ಕೊಟ್ಟು ನೋಡಬಹುದೇ ಎಂದು ಚಿಂತಾಮಣಿಯಿಂದ ಕೇಳಿದ್ದೀರಿ. ಕೋಲಾರದಲ್ಲಿ ಮಕ್ಕಳ ವೈದ್ಯೆಯಾಗಿರುವ ನಾನು ಹೇಳುವುದು ಇಷ್ಟೇ: ದಯವಿಟ್ಟು ಕಾಯಬೇಡಿ.

ಮಗು ಚೆನ್ನಾಗಿ ಕಾಣುವುದಕ್ಕೂ ಕಾರಣವಿದೆ. ದೊಡ್ಡವರ ತಲೆಬುರುಡೆ ಬೆಸೆದುಕೊಂಡಿರುವುದರಿಂದ ಒಳಗೆ ಒತ್ತಡ ಏರಿದರೆ ತಲೆನೋವು, ವಾಂತಿ ಬೇಗನೆ ಕಾಣಿಸಿಕೊಳ್ಳುತ್ತವೆ. ಎಳೆಯ ಮಗುವಿನ ತಲೆಯ ಮೂಳೆಗಳು ಇನ್ನೂ ಕೂಡಿರುವುದಿಲ್ಲ, ನೆತ್ತಿ ಮುಚ್ಚುವುದೂ ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ, ಆದ್ದರಿಂದ ತಲೆಯೇ ಹಿಗ್ಗಿ ನೀರಿಗೆ ಜಾಗ ಮಾಡಿಕೊಡುತ್ತದೆ. ಮಗು ಅಳದೆ ಆಡುತ್ತಿರುವಾಗಲೂ ಒಳಗೆ ಮಿದುಳಿನ ನರತಂತುಗಳು ಎಳೆದಂತಾಗಿ ತೆಳುವಾಗುತ್ತಿರಬಹುದು. ಆದ್ದರಿಂದ ನಗುವಿಗಿಂತ ಟೇಪಿನ ಅಳತೆಯನ್ನು ನಂಬಬೇಕು. ಆರೋಗ್ಯವಂತ ಮಗುವಿನಲ್ಲಿ ಆರು ತಿಂಗಳ ನಂತರ ತಲೆಯ ಸುತ್ತಳತೆ ತಿಂಗಳಿಗೆ ಸುಮಾರು 0.5 ಸೆಂ.ಮೀ. ಮಾತ್ರ ಬೆಳೆಯುತ್ತದೆ. ನೆತ್ತಿಗೆ ಹರಳೆಣ್ಣೆ ಇಡುವುದರಿಂದ ಈ ಒತ್ತಡ ಇಳಿಯುವುದಿಲ್ಲ. ಹಿರಿಯರಿಗೆ ಇದನ್ನು ಪ್ರೀತಿಯಿಂದಲೇ ತಿಳಿಸಿ.

ತಲೆಯೊಳಗಿನ ಈ ನೀರಿನ, ಅಂದರೆ ಮಿದುಳಿನ ದ್ರವದ, ಉತ್ಪತ್ತಿಯನ್ನು ತಗ್ಗಿಸುವ ಅಸೆಟಜೋಲಮೈಡ್ ಮತ್ತು ಫ್ಯುರೊಸಮೈಡ್ ಔಷಧಿಗಳನ್ನು, ಮಿದುಳಿನ ರಕ್ತಸ್ರಾವದ ನಂತರ ನೀರು ತುಂಬಿದ ಶಿಶುಗಳಿಗೆ ಕೊಟ್ಟು ನೋಡಿದ್ದಾರೆ. 1998ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಔಷಧಿ ಪಡೆದ ಶಿಶುಗಳ ಸ್ಥಿತಿಯೇ ಹೆಚ್ಚು ಕೆಟ್ಟಿತು. ಒತ್ತಡ ಇಳಿಸುವ ಮ್ಯಾನಿಟಾಲ್ ಎಂಬ ಔಷಧಿ ಕೆಲವು ಗಂಟೆಗಳ ತುರ್ತಿಗೆ ಮಾತ್ರ.

ಶಸ್ತ್ರವೈದ್ಯರನ್ನು ಒಂದು ಪ್ರಶ್ನೆ ಅಗತ್ಯವಾಗಿ ಕೇಳಿ: ದ್ರವ ಹರಿಯುವ ದಾರಿ ಕಟ್ಟಿಕೊಂಡಿದ್ದರೆ, ದುರ್ಬೀನಿನ ಮೂಲಕ ಒಳಗೇ ಹೊಸ ರಂಧ್ರ ಮಾಡಿ ಷಂಟ್ ತಪ್ಪಿಸಲು ಸಾಧ್ಯವೇ? ಆರು ತಿಂಗಳೊಳಗಿನ ಶಿಶುಗಳಲ್ಲಿ ಅದು ವಿಫಲವಾಗುವುದು ಹೆಚ್ಚು. ನಿಮ್ಮ ಮಗ ಆ ವಯಸ್ಸನ್ನು ದಾಟಿದ್ದಾನೆ. ಆದರೂ ಸ್ಕ್ಯಾನ್ ನೋಡಿದವರೇ ನಿರ್ಧರಿಸಬೇಕು.

ಖರ್ಚಿನ ಚಿಂತೆಯಿದ್ದರೆ ಬಿಪಿಎಲ್ ಕಾರ್ಡಿನೊಂದಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಿ. ನಿಮ್ಹಾನ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಎರಡೂ ಬೆಂಗಳೂರಿನಲ್ಲಿ ಅಕ್ಕಪಕ್ಕದಲ್ಲೇ ಇವೆ.

ಚರ್ಮದಡಿಯಲ್ಲಿ ಇಳಿಯುವ ಷಂಟಿನ ಕೊಳವೆ ಮುಂದೆ ಕಟ್ಟಿಕೊಳ್ಳಬಹುದು. ಮೊದಲ ಕೆಲವು ತಿಂಗಳುಗಳಲ್ಲಿ ಸೋಂಕಿನ ಭಯವೂ ಇದೆ. ಜ್ವರ, ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಉಬ್ಬಿದ ನೆತ್ತಿ, ಕೆಳಗಿಳಿದು ನಿಂತ ಕಣ್ಣುಗುಡ್ಡೆ, ಇವುಗಳಲ್ಲಿ ಯಾವುದು ಕಂಡರೂ ಊರಿನಲ್ಲಿ ವಾಂತಿಯ ಔಷಧಿ ಕೊಡಿಸಿ ಮರುದಿನದವರೆಗೆ ನೋಡದೆ, ಸ್ಕ್ಯಾನ್ ಮತ್ತು ಡಿಸ್ಚಾರ್ಜ್ ಕಾಗದಗಳೊಂದಿಗೆ ಅಂದೇ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಹೊರಡಿ. ಶಸ್ತ್ರಚಿಕಿತ್ಸೆಗೆ ಮೊದಲೇ ಇಂಥ ಲಕ್ಷಣ ಕಂಡರೂ, ಕೊಟ್ಟಿರುವ ದಿನಾಂಕಕ್ಕೆ ಕಾಯದೆ ತಕ್ಷಣ ಹೋಗಬೇಕು.